ಮೊದಲ ಮಲವೇ ಕರುಳಿಗೆ ಅಡ್ಡವಾದಾಗ

ಪ್ರಶ್ನೆ: ನನ್ನ ತಂಗಿಗೆ ತಿಂಗಳು ತುಂಬಿಯೇ ಗಂಡು ಮಗು ಹುಟ್ಟಿತು. ಎರಡನೇ ದಿನ ಹೊಟ್ಟೆ ಉಬ್ಬಿ ಹಸಿರು ವಾಂತಿ ಶುರುವಾಯಿತು, ಕಪ್ಪು ಮಲ ಹೋಗಲೇ ಇಲ್ಲ. ಎರಡು ಸಲ ಔಷಧದ ಎನಿಮಾ ಕೊಟ್ಟರೂ ಪ್ರಯೋಜನವಾಗದೆ ಆಪರೇಷನ್ ಮಾಡಿ ಕರುಳನ್ನು ಹೊಟ್ಟೆಯ ಮೇಲೆ ತಂದಿಟ್ಟು ಬ್ಯಾಗ್ ಹಾಕಿದ್ದಾರೆ. ‘ಮೆಕೋನಿಯಂ ಇಲಿಯಸ್, ಸಿಸ್ಟಿಕ್ ಫೈಬ್ರೋಸಿಸ್ ಇರಬಹುದು’ ಎನ್ನುತ್ತಿದ್ದಾರೆ. ಆದರೆ ಹಿಮ್ಮಡಿಯಿಂದ ರಕ್ತ ತೆಗೆದು ಮಾಡುವ ಪರೀಕ್ಷೆ ನಾರ್ಮಲ್ ಬಂದಿದೆ, ನಮ್ಮ ಎರಡೂ ಮನೆತನಗಳಲ್ಲಿ ಯಾರಿಗೂ ಇಂಥ ಕಾಯಿಲೆ ಇಲ್ಲ. ಅದು ಶ್ವಾಸಕೋಶದ ಕಾಯಿಲೆ ಅಲ್ಲವೇ, ಕರುಳಿಗೇಕೆ ಬಂತು? ಮಗುವಿಗೀಗ ನಾಲ್ಕು ವಾರ. ಎದೆಹಾಲು ಚೆನ್ನಾಗಿ ಕುಡಿಯುತ್ತದೆ, ತೂಕ ಮಾತ್ರ ಏರುತ್ತಿಲ್ಲ. ಮುಂದೆ ಏನೇನು ಎದುರಾಗಬಹುದು?

ಉತ್ತರ: ಎರಡು ವಿಷಯ ತಡಮಾಡುವಂಥವಲ್ಲ, ಅವನ್ನು ಮೊದಲು ಹೇಳಿಬಿಡುತ್ತೇನೆ. ಒಂದು, ಹಿಮ್ಮಡಿ ಪರೀಕ್ಷೆ ನಾರ್ಮಲ್ ಬಂದಿದ್ದನ್ನು ಈ ಮಗುವಿನ ಮಟ್ಟಿಗೆ ಲೆಕ್ಕಕ್ಕೇ ಹಿಡಿಯಬೇಡಿ. ಎರಡು, ಹಾಲು ಚೆನ್ನಾಗಿ ಕುಡಿದೂ ತೂಕ ಏರದ, ಸ್ಟೋಮಾ (ಹೊಟ್ಟೆಯ ಮೇಲೆ ತಂದಿಟ್ಟ ಕರುಳಿನ ಬಾಯಿ) ಇರುವ ಮಗುವಿನಲ್ಲಿ ಮೊದಲು ನೋಡಬೇಕಾದ್ದು ಮೂತ್ರದ ಸೋಡಿಯಂ. ಅದನ್ನು ನೋಡಿದ್ದಾರೆಯೇ ಎಂದು ಇವತ್ತೇ ಕೇಳಿ. ಕಾರಣಗಳನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ಶ್ವಾಸಕೋಶದ ಕಾಯಿಲೆ ಕರುಳಿಗೇಕೆ ಬಂತು ಎಂಬುದರಿಂದ ಶುರುಮಾಡೋಣ. ಸಿಸ್ಟಿಕ್ ಫೈಬ್ರೋಸಿಸ್ ಮೂಲತಃ ಉಪ್ಪು ಮತ್ತು ನೀರಿನ ಸಾಗಾಟ ಕೆಡುವ ಕಾಯಿಲೆ. 7ನೇ ಕ್ರೋಮೋಸೋಮಿನ ಮೇಲಿರುವ ಸಿಎಫ್‌ಟಿಆರ್ ಎಂಬ ಜೀನು, 1989ರಲ್ಲಿ ಪತ್ತೆಯಾದದ್ದು, ಜೀವಕೋಶದ ಹೊರಪದರದಲ್ಲಿ ಒಂದು ಕಿಂಡಿಯನ್ನು ಕಟ್ಟುತ್ತದೆ. ಕ್ಲೋರೈಡ್ ಮತ್ತು ಬೈಕಾರ್ಬೊನೇಟ್ ಹೊರಗೆ ಹೋಗುವುದು ಈ ಕಿಂಡಿಯಿಂದ. ಅವು ಹೋದ ಕಡೆಗೆ ನೀರೂ ಹೋಗುತ್ತದೆ. ಈ ಕಿಂಡಿಗಳು ಶ್ವಾಸನಾಳ, ಮೇದೋಜೀರಕ ಗ್ರಂಥಿ, ಪಿತ್ತನಾಳ, ಬೆವರುಗ್ರಂಥಿ, ಕರುಳು ಎಲ್ಲದರಲ್ಲೂ ಇವೆ. ಕಿಂಡಿ ಕೆಲಸ ಮಾಡದಿದ್ದರೆ ಆಯಾ ಜಾಗದ ಲೋಳೆ ನೀರು ಸಿಗದೆ ಗಟ್ಟಿಯಾಗುತ್ತದೆ. ಶ್ವಾಸಕೋಶದ ತೊಂದರೆ ಎದ್ದು ಕಾಣಲು ತಿಂಗಳು, ವರ್ಷಗಳು ಬೇಕು. ಹುಟ್ಟಿದ ಮಗುವಿನ ಶ್ವಾಸಕೋಶ ನೋಡಲು ಹೆಚ್ಚುಕಡಿಮೆ ಸಹಜವಾಗಿಯೇ ಇರುತ್ತದೆ. ಕರುಳು ಹಾಗಲ್ಲ, ಅದು ಗರ್ಭದಲ್ಲೇ ಮಲವನ್ನು ತುಂಬಿಕೊಳ್ಳುತ್ತಾ ಬಂದಿರುತ್ತದೆ.

ಮೆಕೋನಿಯಂ ಎಂದರೆ ಮಗು ಗರ್ಭದಲ್ಲಿ ನುಂಗಿದ ನೀರು, ಉದುರಿದ ಜೀವಕೋಶ, ಲೋಳೆ, ಪಿತ್ತ ಎಲ್ಲ ಸೇರಿದ ಮೊದಲ ಮಲ. ಸಹಜವಾಗಿ ಅದು ಕಪ್ಪು ಹಸಿರು, ಜಿಗುಟು, ಆದರೆ ಜಾರುವಂಥದ್ದು. ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಗುವಿನಲ್ಲಿ ಇದರಲ್ಲಿ ನೀರಿನ ಅಂಶ ಕಡಿಮೆ, ಪ್ರೊಟೀನು, ಅದರಲ್ಲೂ ಆಲ್ಬುಮಿನ್, ಬಹಳ ಹೆಚ್ಚು. ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಂನಲ್ಲಿ ಇದು ಡಾಂಬರಿನಂತೆ ಗೋಡೆಗೆ ಅಂಟಿಕೊಳ್ಳುತ್ತದೆ. ಹೀಗೆ ಕರುಳು ಕಟ್ಟಿಹೋಗುವುದೇ ಮೆಕೋನಿಯಂ ಇಲಿಯಸ್. ಇನ್ನೂ ಕೆಳಗೆ, ದೊಡ್ಡ ಕರುಳು ಸೇರುವ ಹತ್ತಿರ, ನೀರು ಪೂರ್ತಿ ಹೀರಿಹೋಗಿ ಬೂದು ಬಣ್ಣದ ಗಟ್ಟಿ ಗುಳಿಗೆಗಳ ಸಾಲಾಗಿರುತ್ತದೆ. ಆಪರೇಷನ್ ಮಾಡಿದವರನ್ನು ಕೇಳಿದರೆ ಈ ಚಿತ್ರವನ್ನೇ ಹೇಳುತ್ತಾರೆ: ಮೇಲಿನ ಕರುಳು ಉಬ್ಬಿ ದಪ್ಪವಾಗಿರುತ್ತದೆ, ನಡುವೆ ಡಾಂಬರು, ಕೆಳಗೆ ಮಣಿಸರ. ಅದರಾಚೆಗಿನ ದೊಡ್ಡ ಕರುಳಿನೊಳಗೆ ಏನೂ ಇಳಿದೇ ಇಲ್ಲದ್ದರಿಂದ ಅದು ಪೆನ್ಸಿಲಿನಷ್ಟು ಸಣ್ಣಗಿರುತ್ತದೆ. ಈ ಸಣ್ಣತನ ರೋಗವಲ್ಲ, ಬಳಕೆಯಾಗದೆ ಉಳಿದದ್ದು ಅಷ್ಟೆ. ಮಲ ಹರಿಯತೊಡಗಿದ ಮೇಲೆ ಅದು ತಾನಾಗಿ ಅಗಲವಾಗುತ್ತದೆ.

ಬಹಳ ಕಾಲ ಈ ದೋಷವನ್ನು ಮೇದೋಜೀರಕ ಗ್ರಂಥಿಯ ತಲೆಗೆ ಕಟ್ಟಿದ್ದರು. ಅದರ ರಸ ಬರದೆ ಮಲ ಜೀರ್ಣವಾಗದೆ ಗಟ್ಟಿಯಾಗುತ್ತದೆ ಎಂಬ ವಾದ. 1905ರಲ್ಲಿ ಲ್ಯಾಂಡ್‌ಸ್ಟೈನರ್ ಮೊದಲ ಬಾರಿಗೆ ಇಂಥ ಮಗುವಿನ ಕರುಳಿನ ಅಡ್ಡಿಯನ್ನು ಮೇದೋಜೀರಕ ಗ್ರಂಥಿಯ ಬದಲಾವಣೆಯೊಂದಿಗೆ ಜೋಡಿಸಿ ಬರೆದಾಗಿನಿಂದ ಈ ನಂಬಿಕೆ ಇತ್ತು. ಈಗ ಗೊತ್ತಿರುವುದು ಬೇರೆ. ಸಿಎಫ್‌ಟಿಆರ್ ಇಲ್ಲದ ಹಂದಿಮರಿಗಳೆಲ್ಲ ಇದೇ ಅಡ್ಡಿಯೊಂದಿಗೆ ಹುಟ್ಟುತ್ತವೆ. ಕರುಳಿನಲ್ಲಿ ಮಾತ್ರ ಆ ಜೀನನ್ನು ಮರಳಿ ಕೊಟ್ಟಾಗ, ಮೇದೋಜೀರಕ ಗ್ರಂಥಿ ಹಾಳಾಗಿಯೇ ಇದ್ದರೂ, ಅಡ್ಡಿ ತಪ್ಪಿತು. ಅಂದರೆ ಮುಖ್ಯ ದೋಷ ಕರುಳಿನ ಗೋಡೆಯಲ್ಲೇ ಇದೆ. ಇದು ಬರೀ ಪಾಂಡಿತ್ಯದ ಮಾತಲ್ಲ. ಜೀರ್ಣರಸದ ಗುಳಿಗೆ ಕೊಟ್ಟ ಮಾತ್ರಕ್ಕೆ ಕರುಳಿನ ಜಿಗುಟು ಪೂರ್ತಿ ಹೋಗುವುದಿಲ್ಲ, ನೀರು ಮತ್ತು ಉಪ್ಪು ಜೀವನವಿಡೀ ಏಕೆ ಮುಖ್ಯ ಎಂಬುದು ಇದರಿಂದಲೇ ಅರ್ಥವಾಗುತ್ತದೆ.

ಸಿಸ್ಟಿಕ್ ಫೈಬ್ರೋಸಿಸ್ ಇರುವ 100 ಶಿಶುಗಳಲ್ಲಿ ಸುಮಾರು 15ರಿಂದ 20 ಶಿಶುಗಳು ಮೆಕೋನಿಯಂ ಇಲಿಯಸ್‌ನೊಂದಿಗೆ ಹುಟ್ಟುತ್ತವೆ. ತಿರುಗಿಸಿ ನೋಡಿದರೆ ಲೆಕ್ಕ ಇನ್ನೂ ಖಚಿತವಾಗಿ ಮಾತಾಡುತ್ತದೆ: ತಿಂಗಳು ತುಂಬಿ ಹುಟ್ಟಿದ, ನಿಜವಾದ ಮೆಕೋನಿಯಂ ಇಲಿಯಸ್ ಇರುವ 10 ಶಿಶುಗಳಲ್ಲಿ ಎಂಟು ಒಂಬತ್ತಕ್ಕೆ ಈ ಕಾಯಿಲೆ ಇರುತ್ತದೆ. ಆದ್ದರಿಂದಲೇ ಇಂಥ ಮಗುವಿಗೆ ಬೇರೆಯದೇ ಕಾರಣವೆಂದು ಸಾಬೀತಾಗುವವರೆಗೆ ಸಿಸ್ಟಿಕ್ ಫೈಬ್ರೋಸಿಸ್ ಇದೆಯೆಂದೇ ಹಿಡಿದು ನಡೆಯುವುದು. ಇದು ಹೆದರಿಸುವುದಕ್ಕಲ್ಲ. ಹಾಗೆ ಹಿಡಿದರೆ ಉಪ್ಪು, ಜೀರ್ಣರಸದ ಎನ್‌ಜೈಮು, ವಿಟಮಿನ್ ಎಲ್ಲ ಮೊದಲ ವಾರದಿಂದಲೇ ಶುರುವಾಗುತ್ತವೆ. ವರದಿಗೆ ಕಾದು ಕುಳಿತರೆ ಮಗು ಸೊರಗುತ್ತದೆ. ತೀರ ಅವಧಿಗೆ ಮುನ್ನ, ಒಂದೂವರೆ ಕೆಜಿಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಶಿಶುಗಳಲ್ಲೂ ಮಲ ಕಟ್ಟಿಕೊಳ್ಳುವುದುಂಟು. ಅದು ಬಲಿಯದ ಕರುಳಿನ ಆಲಸ್ಯ, ಅಲ್ಲಿ ಈ ಲೆಕ್ಕ ಹೊಂದುವುದಿಲ್ಲ.

ಹಸಿರು ವಾಂತಿ ಎಂದರೆ

ನಿಮ್ಮ ಮಗುವಿಗೆ ಆಗಿಹೋಗಿದೆ, ಆದರೂ ಬೇರೆ ಓದುಗರಿಗಾಗಿ: ತಿಂಗಳು ತುಂಬಿದ ಬಹುತೇಕ ಎಲ್ಲ ಶಿಶುಗಳೂ 48 ಗಂಟೆಯೊಳಗೆ ಕಪ್ಪು ಮಲ ಹಾಕುತ್ತವೆ. ಹಾಕದಿದ್ದರೆ ಕಾರಣ ಹುಡುಕಬೇಕು. ಹಸಿರು ವಾಂತಿಯಾದರೆ ಗಂಟೆಗಳ ಲೆಕ್ಕವೂ ಬೇಡ, ತಕ್ಷಣ ಶಿಶು ಶಸ್ತ್ರಚಿಕಿತ್ಸಕರ ಕೈಗೆ ಹೋಗಬೇಕು. ಅದರ ಹಿಂದೆ ಕರುಳು ತಿರುಚಿಕೊಂಡಿರುವ ಸಾಧ್ಯತೆ ಇದೆ, ಹಾಗಿದ್ದರೆ ಕೆಲವೇ ಗಂಟೆಗಳಲ್ಲಿ ಕರುಳು ಸತ್ತುಹೋಗುತ್ತದೆ.

ಮೆಕೋನಿಯಂ ಇಲಿಯಸ್‌ಗೆ ಹೋಲುವ ಸ್ಥಿತಿಗಳು ಹಲವು. ಹರ್ಷ್‌ಸ್ಪ್ರಂಗ್ ಕಾಯಿಲೆಯಲ್ಲಿ ದೊಡ್ಡ ಕರುಳಿನ ಕೊನೆಗೆ ನರಕೋಶಗಳಿರುವುದಿಲ್ಲ. ಇಲಿಯಂ ಹುಟ್ಟಾ ಮುಚ್ಚಿರಬಹುದು. ಸಕ್ಕರೆ ಕಾಯಿಲೆಯ ತಾಯಂದಿರ ಶಿಶುಗಳಲ್ಲಿ ದೊಡ್ಡ ಕರುಳಿನ ಎಡಭಾಗ ಸಣ್ಣಗಿರಬಹುದು. ದೊಡ್ಡ ಕರುಳಿನಲ್ಲಿ ಮಲದ ಬಿರಡೆ ಸಿಕ್ಕಿರುವುದೂ ಉಂಟು. ಈ ಕೊನೆಯದು ಎನಿಮಾದಿಂದ ಸುಲಭವಾಗಿ ಹೊರಬಂದು ಮಗು ಚೇತರಿಸಿಕೊಳ್ಳುತ್ತದೆ, ಎಲ್ಲರೂ ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತಾರೆ. ಹಾಗೆ ಹೋದವರಲ್ಲೂ ಕೆಲವರಿಗೆ ಸಿಸ್ಟಿಕ್ ಫೈಬ್ರೋಸಿಸ್ ಇರುತ್ತದೆ, ಬೆವರು ಪರೀಕ್ಷೆ ಮಾಡಿಸದೆ ಬಿಡಬಾರದು.

ಎಕ್ಸ್‌ರೇಯಲ್ಲಿ ಉಬ್ಬಿದ ಕರುಳಿನ ಸುರುಳಿಗಳು ಕಾಣುತ್ತವೆ. ಆದರೆ ಬೇರೆ ಅಡ್ಡಿಗಳಲ್ಲಿ ಕಾಣುವ ನೀರು ಮತ್ತು ಗಾಳಿಯ ಅಡ್ಡಗೆರೆಗಳು ಇಲ್ಲಿ ಕಡಿಮೆ. ಮಲ ಅಷ್ಟು ಜಿಗುಟಾಗಿರುವುದರಿಂದ ನೀರು ಕೆಳಗೆ, ಗಾಳಿ ಮೇಲೆ ಎಂದು ಬೇರೆಯಾಗುವುದೇ ಇಲ್ಲ. ಗಾಳಿ ಮಲದೊಳಗೇ ಸಿಕ್ಕಿಕೊಂಡು ಹೊಟ್ಟೆಯ ಬಲಗಡೆ ಕೆಳಗೆ ಸಾಬೂನಿನ ನೊರೆಯಂತೆ ಕಾಣುತ್ತದೆ. ಸುಣ್ಣದ ಚುಕ್ಕೆಗಳು ಕಂಡರೆ ಗರ್ಭದಲ್ಲೇ ಕರುಳು ತೂತಾಗಿ ಮಲ ಹೊಟ್ಟೆಯೊಳಗೆ ಚೆಲ್ಲಿತ್ತು ಎಂದರ್ಥ.

ಎನಿಮಾ ಕೆಲಸ ಮಾಡಲಿಲ್ಲವೇಕೆ?

ಅಡ್ಡಿಯನ್ನು ಎರಡು ಬಗೆಯಾಗಿ ನೋಡುತ್ತಾರೆ. ಮಲ ಮಾತ್ರ ಕಟ್ಟಿಕೊಂಡಿದ್ದು ಕರುಳು ಗಟ್ಟಿಮುಟ್ಟಾಗಿದ್ದರೆ ಸರಳ. ಭಾರಕ್ಕೆ ಕರುಳು ತಿರುಚಿಕೊಂಡು, ಕೊಳೆತು, ತೂತಾಗಿ, ಅಥವಾ ರಕ್ತ ಸಿಗದೆ ಒಂದು ತುಂಡು ಮುಚ್ಚಿಹೋಗಿದ್ದರೆ ಜಟಿಲ. ಸುಮಾರು ಅರ್ಧದಷ್ಟು ಶಿಶುಗಳು ಎರಡನೇ ಬಗೆಯವು. ಎನಿಮಾ ಇರುವುದು ಸರಳ ಬಗೆಗೆ ಮಾತ್ರ.

1969ರಲ್ಲಿ ಹೆಲೆನ್ ನೋಬ್ಲೆಟ್ ವಿವರಿಸಿದ ವಿಧಾನ ಇದು. ಗ್ಯಾಸ್ಟ್ರೋಗ್ರಾಫಿನ್ ಎಂಬ ಎಕ್ಸ್‌ರೇ ದ್ರವದ ಸಾಂದ್ರತೆ ರಕ್ತದ ಆರು ಪಟ್ಟಿಗೂ ಮಿಕ್ಕಿ: ರಕ್ತ ಸುಮಾರು 290 ಆದರೆ ಇದು ಸುಮಾರು 1900 ಮಿಲಿಆಸ್ಮೋಲ್. ಇದು ಕರುಳಿನ ಗೋಡೆಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಆ ನೀರು ಮಲವನ್ನು ಗೋಡೆಯಿಂದ ಬಿಡಿಸುತ್ತದೆ. ಸಣ್ಣ ಮೆದು ನಳಿಕೆಯನ್ನು ಗುದದ್ವಾರದಲ್ಲಿಟ್ಟು, ಎಕ್ಸ್‌ರೇ ಪರದೆಯಲ್ಲಿ ನೋಡುತ್ತಾ, ನಿಧಾನವಾಗಿ ಬಿಡುತ್ತಾರೆ. ನಳಿಕೆಯ ಬಲೂನು ಉಬ್ಬಿಸಬಾರದು, ಈ ಸಣ್ಣ ಕರುಳು ಅದನ್ನು ತಾಳದು. ದ್ರವ ಗುಳಿಗೆಗಳ ಸಾಲು ದಾಟಿ ಉಬ್ಬಿದ ಇಲಿಯಂ ಮುಟ್ಟಿದರೆ ಮಾತ್ರ ಪ್ರಯೋಜನ. ಅಲ್ಲಿಗೆ ಮುಟ್ಟದೆ ದೊಡ್ಡ ಕರುಳಿನಲ್ಲೇ ನಿಂತ ಎನಿಮಾ ಎಷ್ಟು ಸಲ ಕೊಟ್ಟರೂ ಅಷ್ಟೆ. ಮುಟ್ಟಿದ ಮೇಲೆ ಮುಂದಿನ ಹಲವು ಗಂಟೆ ಮಲ ಇಳಿಯುತ್ತದೆ.

ಇಲ್ಲಿ ಎಡವುವುದು ಎರಡು ಕಡೆ. ಕರುಳಿಗೆ ಎಳೆದ ನೀರು ಬಂದದ್ದು ಮಗುವಿನ ರಕ್ತದಿಂದ. ಡ್ರಿಪ್ ಧಾರಾಳವಾಗಿ ಓಡುತ್ತಿರದಿದ್ದರೆ ಮೂರು ಕೆಜಿಯ ಮಗು ಒಂದೆರಡು ಗಂಟೆಯಲ್ಲಿ ಶಾಕ್‌ಗೆ ಹೋಗಬಹುದು. ಹಾಗಾಗಿ ಈಗ ಹಲವರು ದ್ರವವನ್ನು ತೆಳುಮಾಡಿ ಬಳಸುತ್ತಾರೆ. ಇನ್ನೊಂದು, ಕರುಳು ತೂತಾಗುವುದು. ಅದು ಎನಿಮಾ ನಡೆಯುವಾಗಲೇ ಆಗಬೇಕೆಂದಿಲ್ಲ, ಮರುದಿನವೂ ಆಗಬಹುದು. ಅದಕ್ಕೇ ಗಂಟೆಗಳ ಅಂತರದಲ್ಲಿ ಮತ್ತೆ ಎಕ್ಸ್‌ರೇ ತೆಗೆಯುವುದು. ಮೊದಲ ಪ್ರಯತ್ನದಲ್ಲಿ ಒಂದಷ್ಟು ಮಲ ಬಂದು ಮಗು ಸ್ಥಿರವಾಗಿದ್ದರೆ ಎರಡನೆಯದು ಸರಿ. ಏನೂ ಕದಲದಿದ್ದರೆ ಹಟ ಹಿಡಿಯದೆ ಆಪರೇಷನ್‌ಗೆ ಹೋಗುವುದೇ ಜಾಣತನ. ಇತ್ತೀಚಿನ ವರ್ಷಗಳಲ್ಲಿ ಎನಿಮಾದಿಂದಲೇ ಪೂರ್ತಿ ಬಿಡಿಸಿದ ಪ್ರಮಾಣ ಅರ್ಧಕ್ಕಿಂತ ಕಡಿಮೆ. ನಿಮ್ಮ ಮಗುವಿಗೆ ಎರಡು ಸಲ ಕೊಟ್ಟು ನಿಲ್ಲಿಸಿದ್ದು ಸರಿಯಾದ ತೀರ್ಮಾನವೇ, ಅಲ್ಲಿ ಯಾರದೋ ಕೈ ತಪ್ಪಿತು ಎಂದುಕೊಳ್ಳಬೇಡಿ.

ಆಪರೇಷನ್ನಿನಲ್ಲಿ ಇಲಿಯಂಗೆ ಸಣ್ಣ ಕಿಂಡಿ ಮಾಡಿ, ಬೆಚ್ಚಗಿನ ಸಲೈನ್ ಅಥವಾ ಅಸಿಟೈಲ್ ಸಿಸ್ಟೀನ್ ದ್ರಾವಣ ಬಿಟ್ಟು, ಮಲವನ್ನು ಬೆರಳಿನಿಂದ ಮೆಲ್ಲಗೆ ಹಿಂಡಿ ತೆಗೆಯುತ್ತಾರೆ. ಅಸಿಟೈಲ್ ಸಿಸ್ಟೀನ್ ಲೋಳೆಯ ಪ್ರೊಟೀನುಗಳನ್ನು ಹಿಡಿದಿಟ್ಟ ಗಂಧಕದ ಕೊಂಡಿಗಳನ್ನು ಕತ್ತರಿಸುತ್ತದೆ, ಹಾಗಾಗಿ ಅಂಟು ಸಡಿಲವಾಗುತ್ತದೆ. ಪೂರ್ತಿ ಖಾಲಿಯಾಗಿ ಕರುಳು ಚೆನ್ನಾಗಿದ್ದರೆ ಕಿಂಡಿ ಹೊಲಿದು ಮುಗಿಸಬಹುದು. 1948ರಲ್ಲಿ ಹಯಾಟ್ ಮತ್ತು ವಿಲ್ಸನ್ ಹೀಗೆ ಸಲೈನ್ ಬಿಟ್ಟು ತೊಳೆದು ಶಿಶುಗಳನ್ನು ಬದುಕಿಸಿದ್ದನ್ನು ಪ್ರಕಟಿಸುವ ಮುನ್ನ ಈ ಕಾಯಿಲೆ ಬಹುಪಾಲು ಸಾವೇ ಆಗಿತ್ತು. ಇಂದು 10ರಲ್ಲಿ ಒಂಬತ್ತಕ್ಕೂ ಹೆಚ್ಚು ಶಿಶುಗಳು ಉಳಿಯುತ್ತವೆ.

ಕರುಳನ್ನು ಹೊಟ್ಟೆಯ ಮೇಲೆ ತರುವುದು ಏಕೆಂದರೆ, ಉಬ್ಬಿದ ಅಗಲದ ತುದಿಯನ್ನು ಪೆನ್ಸಿಲಿನಂಥ ತುದಿಗೆ ಆಗಲೇ ಹೊಲಿದರೆ ಜೋಡಣೆ ಬಿಚ್ಚಿಕೊಳ್ಳುವ ಅಪಾಯ ಹೆಚ್ಚು. ಸ್ಟೋಮಾ ಇದ್ದರೆ ಮೇಲಿನ ಒತ್ತಡ ಇಳಿಯುತ್ತದೆ, ಕೆಳಗಿನ ಭಾಗವನ್ನು ಹೊರಗಿನಿಂದ ತೊಳೆಯಲೂ ದಾರಿ ಸಿಗುತ್ತದೆ. ಎರಡೂ ತುದಿಗಳನ್ನು ಅಕ್ಕಪಕ್ಕ ಹೊರಗಿಡಬಹುದು, ಅಥವಾ 1957ರ ಬಿಷಪ್–ಕೂಪ್ ವಿಧಾನದಂತೆ ಮೇಲಿನ ತುದಿಯನ್ನು ಕೆಳಗಿನ ಕರುಳಿನ ಪಕ್ಕಕ್ಕೆ ಜೋಡಿಸಿ ಕೆಳಗಿನ ತುದಿಯನ್ನಷ್ಟೇ ಹೊರಗೆ ತರಬಹುದು. ಯಾವುದು ಮಾಡಿದ್ದಾರೆ, ಎಷ್ಟು ಸೆಂಟಿಮೀಟರ್ ಕರುಳು ತೆಗೆದಿದ್ದಾರೆ, ಎಷ್ಟು ಉಳಿದಿದೆ, ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಕವಾಟ ಉಳಿದಿದೆಯೇ ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದೆ ಯಾವ ವೈದ್ಯರ ಬಳಿ ಹೋದರೂ ಅವರು ಮೊದಲು ಕೇಳುವುದು ಇದನ್ನೇ.

ತೂಕ ಏರದಿರುವುದು

ಇಲಿಯಂ ಸ್ಟೋಮಾದಿಂದ ಹೊರಬರುವ ದ್ರವದಲ್ಲಿ ಲೀಟರಿಗೆ 100 ಮಿಲಿಮೋಲ್‌ಗೂ ಹೆಚ್ಚು ಸೋಡಿಯಂ ಇರಬಹುದು. ಎದೆಹಾಲಿನಲ್ಲಿರುವುದು ಹತ್ತಕ್ಕೂ ಕಡಿಮೆ. ಅದರ ಮೇಲೆ ಈ ಕಾಯಿಲೆಯ ಮಗು ಬೆವರಿನಲ್ಲೂ ಉಪ್ಪು ಕಳೆದುಕೊಳ್ಳುತ್ತದೆ. ಒಳಗೆ ಬರುವುದು ಚಮಚದಷ್ಟು, ಹೊರಗೆ ಹೋಗುವುದು ಸೌಟಿನಷ್ಟು. ದೇಹದಲ್ಲಿ ಸೋಡಿಯಂ ಸಾಲದಿದ್ದರೆ ಕ್ಯಾಲೊರಿ ಎಷ್ಟೇ ಕೊಟ್ಟರೂ ಅಂಗಾಂಶ ಬೆಳೆಯುವುದಿಲ್ಲ. ಮಗು ಚುರುಕಾಗಿ ಕುಡಿಯುತ್ತಲೇ ಇರುತ್ತದೆ, ತಕ್ಕಡಿಯ ಮುಳ್ಳು ಮಾತ್ರ ಕದಲುವುದಿಲ್ಲ.

ಇದರಲ್ಲಿ ಎಲ್ಲರನ್ನೂ ದಾರಿ ತಪ್ಪಿಸುವುದು ರಕ್ತದ ವರದಿ. ಮೂತ್ರಪಿಂಡ ಕೊನೆಯ ಹನಿ ಸೋಡಿಯಂ ಹಿಡಿದಿಟ್ಟುಕೊಂಡು ರಕ್ತದ ಮಟ್ಟವನ್ನು ಕಾಪಾಡುತ್ತದೆ, ವರದಿ ನಾರ್ಮಲ್ ಬರುತ್ತದೆ. ಮೂತ್ರವನ್ನು ಕೇಳಿದರೆ ನಿಜ ಹೇಳುತ್ತದೆ. ಅಲ್ಲಿ ಸೋಡಿಯಂ ಲೀಟರಿಗೆ 10 ಮಿಲಿಮೋಲ್‌ಗಿಂತ ಕಡಿಮೆ ಇದ್ದರೆ ಕೊರತೆ ಖಚಿತ, 20ಕ್ಕಿಂತ ಕಡಿಮೆ ಇದ್ದರೂ ಅನುಮಾನ ಪಡಬೇಕು. ಇನ್ನೂ ಮುಂದುವರಿದರೆ ರಕ್ತದಲ್ಲಿ ಸೋಡಿಯಂ, ಪೊಟಾಸಿಯಂ, ಕ್ಲೋರೈಡ್ ಮೂರೂ ಇಳಿದು ಬೈಕಾರ್ಬೊನೇಟ್ ಏರುತ್ತದೆ. ಮಗು ಮಂಕಾಗಿ ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ. ಬಿಸಿಲುಗಾಲದಲ್ಲಿ, ಜ್ವರದಲ್ಲಿ, ಭೇದಿಯಲ್ಲಿ ಇದು ಒಂದೆರಡು ದಿನದಲ್ಲೇ ಆಗಬಹುದು.

ಸಿಸ್ಟಿಕ್ ಫೈಬ್ರೋಸಿಸ್ ಇರುವ ಶಿಶುವಿಗೆ ಸ್ಟೋಮಾ ಇಲ್ಲದಿದ್ದರೂ ಮೊದಲ ಆರು ತಿಂಗಳು ದಿನಕ್ಕೆ ಟೀ ಚಮಚದ ಎಂಟನೇ ಒಂದು ಭಾಗ ಉಪ್ಪು, ಆರು ತಿಂಗಳ ನಂತರ ಕಾಲು ಚಮಚ, ದಿನವಿಡೀ ಹಾಲಿನೊಂದಿಗೆ ಹಂಚಿ ಕೊಡುವುದು ರೂಢಿಯ ಸಲಹೆ. ಸ್ಟೋಮಾ ಇರುವ ಮಗುವಿಗೆ ಇದಕ್ಕೂ ಹೆಚ್ಚು ಬೇಕಾಗಬಹುದು. ಆದರೆ ಆ ಪ್ರಮಾಣವನ್ನು ಮೂತ್ರದ ವರದಿ ನೋಡಿ ವೈದ್ಯರೇ ಹೇಳಬೇಕು. ಚಮಚವನ್ನು ಕಣ್ಣಂದಾಜಿನಲ್ಲಿ ತುಂಬಿ ಒಂದೇ ಸಲಕ್ಕೆ ಕೊಟ್ಟರೆ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಏರುತ್ತದೆ. ಆಸ್ಪತ್ರೆಯಿಂದ ಅಳತೆ ಮಾಡಿದ ಸೋಡಿಯಂ ಕ್ಲೋರೈಡ್ ದ್ರಾವಣ ಬರೆಸಿಕೊಳ್ಳುವುದೇ ಮೇಲು, ಮಿಲಿಲೀಟರ್ ಲೆಕ್ಕದಲ್ಲಿ ಸಿರಿಂಜಿನಿಂದ ಕೊಡಬಹುದು.

ಬ್ಯಾಗಿನಲ್ಲಿ ಬಿದ್ದದ್ದನ್ನು ಪ್ರತಿದಿನ ಅಳೆದು ಬರೆದಿಡಿ. ಒಂದು ಕೆಜಿ ತೂಕಕ್ಕೆ ದಿನಕ್ಕೆ 20ರಿಂದ 30 ಮಿಲಿ ದಾಟುತ್ತಿದ್ದರೆ ಅದು ಹೆಚ್ಚಿನ ಸೋರಿಕೆ, ವೈದ್ಯರಿಗೆ ಫೋನು ಮಾಡಿ. ಮೂರು ಕೆಜಿ ಮಗುವಿಗೆ ಅಂದರೆ 60ರಿಂದ 90 ಮಿಲಿ. ಎರಡು ತುದಿಗಳೂ ಹೊರಗಿದ್ದರೆ, ಮೇಲಿನಿಂದ ಬಂದದ್ದನ್ನು ಕೆಳಗಿನ ತುದಿಗೆ ನಿಧಾನವಾಗಿ ಮರಳಿ ಬಿಡುವ ಪದ್ಧತಿಯೂ ಇದೆ. ಕೇಳಲು ಅಸಹ್ಯ ಅನ್ನಿಸಬಹುದು, ಆದರೆ ಉಪ್ಪು ಮತ್ತು ನೀರು ಉಳಿಯುತ್ತದೆ, ಪೆನ್ಸಿಲಿನಂಥ ಕರುಳು ಬೆಳೆಯುತ್ತದೆ. ಇದನ್ನು ಶುರುಮಾಡುವುದು ಆಸ್ಪತ್ರೆಯಲ್ಲೇ. ಮೊದಲ ಎರಡು ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ತೂಕ ಏರಬೇಕು. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ, ಬಟ್ಟೆಯಿಲ್ಲದೆ, ಬ್ಯಾಗ್ ಖಾಲಿ ಮಾಡಿ ತೂಗಿ.

ಸೋಡಿಯಂ ಸರಿಯಾಗಿದ್ದೂ ತೂಕ ಏರದಿದ್ದರೆ ಎನ್‌ಜೈಮಿನ ಕಡೆ ನೋಡಬೇಕು. ಮೆಕೋನಿಯಂ ಇಲಿಯಸ್ ಆದ ಸಿಸ್ಟಿಕ್ ಫೈಬ್ರೋಸಿಸ್ ಶಿಶುಗಳಲ್ಲಿ ಬಹುತೇಕ ಎಲ್ಲಕ್ಕೂ ಮೇದೋಜೀರಕ ರಸ ಸಾಲದು, ಎದೆಹಾಲಿನ ಕೊಬ್ಬು ಜೀರ್ಣವಾಗದೆ ಹೊರಹೋಗುತ್ತದೆ. ಪ್ರತಿ ಸಲ ಎದೆಹಾಲು ಕುಡಿಸುವಾಗ, ಅಥವಾ ಪ್ರತಿ 120 ಮಿಲಿ ಹಾಲಿಗೆ, 2,000ದಿಂದ 4,000 ಯುನಿಟ್ ಲೈಪೇಸ್ (ಕೊಬ್ಬನ್ನು ಜೀರ್ಣಿಸುವ ಎನ್‌ಜೈಮು) ಎಂಬುದು ಶಿಶುಗಳ ಆರಂಭದ ಪ್ರಮಾಣ. ಕ್ಯಾಪ್ಸೂಲ್ ಬಿಚ್ಚಿ, ಒಳಗಿನ ಸಣ್ಣ ಕಾಳುಗಳನ್ನು ಅರ್ಧ ಚಮಚ ಸೇಬಿನ ತಿರುಳಿನಂಥ ಹುಳಿ ಅಂಶದ ಮೆದು ಆಹಾರದಲ್ಲಿ ಬೆರೆಸಿ, ಹಾಲಿಗೆ ಮುನ್ನ ಬಾಯಿಗಿಡುವುದು. ಹಾಲಿನ ಬಾಟಲಿಗೇ ಹಾಕುವುದು ದೊಡ್ಡ ತಪ್ಪು. ಕಾಳುಗಳ ಮೇಲಿನ ಲೇಪ ಹುಳಿಯಲ್ಲಿ ಗಟ್ಟಿಯಾಗಿದ್ದು, ಹುಳಿಯಿಲ್ಲದ ಕಡೆ ಕರಗುವಂತೆ ಮಾಡಿದ್ದು. ಹಾಲಿನಲ್ಲೇ ಕರಗಿದರೆ ಎನ್‌ಜೈಮು ಹೊಟ್ಟೆಯ ಆಮ್ಲಕ್ಕೆ ಸಿಕ್ಕಿ ನಾಶವಾಗುತ್ತದೆ. ಇದೇ ಕಾರಣಕ್ಕೆ ಅರೆಯಲೂ ಬಾರದು. ಕುಡಿಸಿದ ಮೇಲೆ ಒಸಡಿನ ಸಂದಿಯಲ್ಲಿ ಕಾಳು ಉಳಿದಿದೆಯೇ ಎಂದು ಬೆರಳಾಡಿಸಿ ನೋಡಿ, ಉಳಿದರೆ ಬಾಯಿ ಹುಣ್ಣಾಗುತ್ತದೆ. ಸ್ಟೋಮಾದ ಸುತ್ತ ಮತ್ತು ಗುದದ ಸುತ್ತ ಚರ್ಮಕ್ಕೆ ಸತುವಿನ ಮುಲಾಮು ಹಚ್ಚಿ, ಇಲ್ಲದಿದ್ದರೆ ಎನ್‌ಜೈಮು ಚರ್ಮವನ್ನೂ ಬಿಡುವುದಿಲ್ಲ.

ತೂಕ ಏರಲಿಲ್ಲವೆಂದು ಎನ್‌ಜೈಮನ್ನು ನೀವೇ ಹೆಚ್ಚಿಸುತ್ತಾ ಹೋಗಬೇಡಿ. ಒಂದು ಹೊತ್ತಿಗೆ ಕೆಜಿಗೆ 2,500 ಯುನಿಟ್, ದಿನಕ್ಕೆ ಕೆಜಿಗೆ 10,000 ಯುನಿಟ್ ಮಿತಿ. 1990ರ ದಶಕದಲ್ಲಿ ಅತಿ ಹೆಚ್ಚು ಪ್ರಮಾಣ ಕೊಟ್ಟ ಮಕ್ಕಳ ದೊಡ್ಡ ಕರುಳು ಗಾಯಗಟ್ಟಿ ಕಿರಿದಾದದ್ದು ಕಂಡ ಮೇಲೆ ಬಂದ ಮಿತಿ ಇದು. ಇನ್ನೊಂದು ಮಾತು: ಮಲದ ಇಲಾಸ್ಟೇಸ್ ಪರೀಕ್ಷೆಯಿಂದ ಮೇದೋಜೀರಕ ಕೊರತೆ ತಿಳಿಯುತ್ತದೆ, ಆದರೆ ಸ್ಟೋಮಾದ ನೀರಾದ ಮಲದಲ್ಲಿ ಅದು ತೆಳುವಾಗಿ ಸುಳ್ಳೇ ಕಡಿಮೆ ತೋರಿಸಬಹುದು. ಸ್ಟೋಮಾ ಮುಚ್ಚಿದ ಮೇಲೆ ಮತ್ತೊಮ್ಮೆ ಮಾಡಿಸಿ.

ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನೊಂದಿಗೇ ಹೋಗುವುದರಿಂದ ಅವೂ ಬೇಕು. ಕಾಮಾಲೆ ಎರಡು ವಾರ ದಾಟಿಯೂ ಉಳಿದರೆ, ಮಲ ಬಿಳಿಚಿ ಮೂತ್ರ ಕಡು ಹಳದಿಯಾದರೆ ಪಿತ್ತ ಕಟ್ಟಿರಬಹುದು. ಹಲವು ದಿನ ಡ್ರಿಪ್ಪಿನಲ್ಲೇ ಪೋಷಣೆ ಪಡೆದ ಶಿಶುಗಳಲ್ಲಿ ಇದು ಹೆಚ್ಚು.

ಹಿಮ್ಮಡಿ ಪರೀಕ್ಷೆ ಏಕೆ ಸುಳ್ಳು ಹೇಳಿತು

ಆ ಪರೀಕ್ಷೆ ಅಳೆಯುವುದು ಟ್ರಿಪ್ಸಿನೋಜನ್ ಎಂಬ ಮೇದೋಜೀರಕ ಪ್ರೊಟೀನನ್ನು. ಗ್ರಂಥಿಯ ನಾಳ ಕಟ್ಟಿದಾಗ ಅದು ರಕ್ತಕ್ಕೆ ಸೋರಿ ಮಟ್ಟ ಏರುತ್ತದೆ, ಅದರಿಂದಲೇ ಅನುಮಾನ ಹುಟ್ಟುವುದು. ಆದರೆ ಮೆಕೋನಿಯಂ ಇಲಿಯಸ್ ಇರುವ ಶಿಶುಗಳಲ್ಲಿ ಈ ಮಟ್ಟ ಏರದೆ ಇರುವುದು ಚೆನ್ನಾಗಿ ಗೊತ್ತಿರುವ ದೋಷ. ಹಾಗಾಗಿ ಇಂಥ ಮಗುವಿಗೆ ಹಿಮ್ಮಡಿ ಪರೀಕ್ಷೆ ಏನೇ ಹೇಳಲಿ, ಬೆವರು ಪರೀಕ್ಷೆ ಮತ್ತು ಜೀನ್ ಪರೀಕ್ಷೆ ಆಗಲೇಬೇಕು.

ಬೆವರು ಪರೀಕ್ಷೆಗೆ ಮಗು ಎರಡು ಕೆಜಿ ದಾಟಿರಬೇಕು, ಗರ್ಭದ ವಾರಗಳೂ ಸೇರಿ 36 ವಾರ ಕಳೆದಿರಬೇಕು. ಪೈಲೋಕಾರ್ಪಿನ್ ಔಷಧವನ್ನು ಸಣ್ಣ ವಿದ್ಯುತ್ತಿನಿಂದ ತೋಳಿನ ಚರ್ಮಕ್ಕೆ ಇಳಿಸಿ, ಅರ್ಧ ಗಂಟೆ ಬೆವರು ಸಂಗ್ರಹಿಸುತ್ತಾರೆ. ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಹೆಚ್ಚಾದರೆ ಕಾಯಿಲೆ ಇದೆ, 30ಕ್ಕಿಂತ ಕಡಿಮೆಯಾದರೆ ಸಾಧ್ಯತೆ ಕಡಿಮೆ, ನಡುವೆ ಬಂದರೆ ಮರುಪರೀಕ್ಷೆ ಮತ್ತು ಜೀನ್ ವರದಿ. ಬೆವರು ಸಾಲದೆ ‘ಸ್ಯಾಂಪಲ್ ಸಾಲದು’ ಎಂದು ಬಂದರೆ ಅದು ನಾರ್ಮಲ್ ಎಂದರ್ಥವಲ್ಲ, ಮತ್ತೆ ಮಾಡಿಸಿ. ಮೈ ಊದಿಕೊಂಡು ರಕ್ತದ ಪ್ರೊಟೀನು ಇಳಿದಿರುವ ಮಗುವಿನಲ್ಲಿ ಸುಳ್ಳು ನಾರ್ಮಲ್ ಬರಬಹುದು. ಮಗು ಚೇತರಿಸಿದ ಮೇಲೆ ಮಾಡಿಸಿದ್ದೇ ನಂಬಿಕೆಗೆ ಅರ್ಹ.

ಜೀನ್ ಪರೀಕ್ಷೆಯಲ್ಲಿ ಒಂದು ಎಚ್ಚರ. ಆಯ್ದ ಕೆಲವೇ ದೋಷಗಳನ್ನು ಹುಡುಕುವ ಅಗ್ಗದ ಪರೀಕ್ಷೆಗಳು ಯುರೋಪ್ ಮೂಲದ ಜನರಲ್ಲಿ ಸಾಮಾನ್ಯವಾದ ದೋಷಗಳ ಪಟ್ಟಿಯಿಂದ ಬಂದವು. ಬೇರೆ ಮೂಲದ ಕುಟುಂಬಗಳಲ್ಲಿ ದೋಷ ಪಟ್ಟಿಯ ಹೊರಗಿರಬಹುದು. ಇಡೀ ಜೀನನ್ನು ಓದುವ, ದೊಡ್ಡ ತುಂಡು ಬಿಟ್ಟುಹೋಗಿರುವುದನ್ನೂ ಹಿಡಿಯುವ ಪರೀಕ್ಷೆ ಕೇಳಿ. ಇದರಿಂದ ಇನ್ನೊಂದು ಲಾಭವೂ ಇದೆ. ಸಿಎಫ್‌ಟಿಆರ್ ಕಿಂಡಿಯನ್ನೇ ಸರಿಮಾಡುವ ಔಷಧಗಳು ಈಗ ಇವೆ, ಯಾವುದು ಹೊಂದುತ್ತದೆ ಎಂಬುದು ದೋಷದ ಮೇಲೆ ನಿಂತಿದೆ. ಅಮೆರಿಕದಲ್ಲಿ 2023ರಲ್ಲಿ ಐವಾಕಾಫ್ಟರ್ ಅನ್ನು ಒಂದು ತಿಂಗಳ ಶಿಶುವಿನಿಂದ, ಮೂರು ಔಷಧಗಳ ಜೋಡಣೆಯನ್ನು ಎರಡು ವರ್ಷದಿಂದ ಒಪ್ಪಿದ್ದಾರೆ. ಗರ್ಭಿಣಿಗೆ ಈ ಔಷಧ ಕೊಟ್ಟು ಗರ್ಭದ ಮಗುವಿನ ಕರುಳಿನ ಉಬ್ಬರ ಇಳಿದ ವರದಿಗಳೂ ಬಂದಿವೆ.

ಮುಂದೆ ಬರಬಹುದಾದದ್ದು

ಸ್ಟೋಮಾ ಮುಚ್ಚುವುದು ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರದ ಸುಮಾರಿಗೆ. ಸೋರಿಕೆ ಹಿಡಿತಕ್ಕೆ ಬಾರದಿದ್ದರೆ ಇನ್ನೂ ಬೇಗ. ಮುಚ್ಚುವ ಮುನ್ನ ಕೆಳಗಿನ ಕರುಳಿಗೆ ಬಣ್ಣ ಬಿಟ್ಟು ಎಕ್ಸ್‌ರೇ ತೆಗೆದು ದಾರಿ ಬಿಡುವಾಗಿದೆಯೇ ಎಂದು ನೋಡಿರಬೇಕು.

ಮೆಕೋನಿಯಂ ಇಲಿಯಸ್ ಆದ ಮಕ್ಕಳಿಗೆ ಮುಂದೆ ಇಲಿಯಂ ಕೊನೆಯಲ್ಲೇ ಮತ್ತೆ ಮಲ ಕಟ್ಟಿಕೊಳ್ಳುವ ಪ್ರವೃತ್ತಿ ಉಳಿದವರಿಗಿಂತ ಹೆಚ್ಚು. ಇದು ಮಲಬದ್ಧತೆಯಲ್ಲ. ಮಲಬದ್ಧತೆ ದಿನಗಟ್ಟಲೆ ನಿಧಾನವಾಗಿ ಬರುತ್ತದೆ, ಇದು ಒಂದೆರಡು ದಿನದಲ್ಲಿ ಹೊಟ್ಟೆಯ ಬಲಗಡೆ ಕೆಳಗೆ ನೋವು, ಕೈಗೆ ಸಿಗುವ ಗಂಟು, ಉಬ್ಬರವಾಗಿ ಬರುತ್ತದೆ. ಪೂರ್ತಿ ಕಟ್ಟಿಲ್ಲದಿದ್ದರೆ ನೀರು ತುಂಬಿಸಿ ಪಾಲಿಎಥಿಲೀನ್ ಗ್ಲೈಕಾಲ್‌ನಂಥ ವಿರೇಚಕದಿಂದ ಬಿಡಿಸಬಹುದು. ಹಸಿರು ವಾಂತಿ ಇದ್ದರೆ ಬಾಯಿಯಿಂದ ಏನೂ ಕೊಡಬೇಡಿ, ಆಸ್ಪತ್ರೆಗೆ ಹೊರಡಿ. ಆಪರೇಷನ್ ಆದ ಹೊಟ್ಟೆಯಲ್ಲಿ ಕರುಳು ಅಂಟಿಕೊಂಡೂ ಅಡ್ಡಿಯಾಗಬಹುದು, ಇದೇ ಲಕ್ಷಣಗಳೊಂದಿಗೆ. ಅದನ್ನು ಮನೆಯಲ್ಲಿ ಬೇರ್ಪಡಿಸಿ ತಿಳಿಯಲಾಗದು.

ಕೊನೆಯದಾಗಿ ‘ನಮ್ಮಲ್ಲಿ ಯಾರಿಗೂ ಇಲ್ಲ’ ಎಂಬ ಮಾತು. ಈ ಕಾಯಿಲೆ ಬರಲು ತಂದೆಯಿಂದ ಒಂದು, ತಾಯಿಯಿಂದ ಒಂದು ಈ ಜೀನಿನ ಕೆಟ್ಟ ಪ್ರತಿ ಬೇಕು. ಒಂದೇ ಇದ್ದವರು ಆರೋಗ್ಯವಾಗಿರುತ್ತಾರೆ, ಹಾಗಾಗಿ ಅದು ತಲೆಮಾರುಗಳ ಕಾಲ ಸದ್ದಿಲ್ಲದೆ ಸಾಗಿ ಬರುತ್ತದೆ. ಕಾಯಿಲೆ ಖಚಿತವಾದರೆ ನಿಮ್ಮ ತಂಗಿಯ ಪ್ರತಿ ಮುಂದಿನ ಗರ್ಭಕ್ಕೂ ನಾಲ್ಕರಲ್ಲಿ ಒಂದು ಸಾಧ್ಯತೆ ಇದೆ. ಮಗುವಿನ ಎರಡೂ ದೋಷಗಳು ಗೊತ್ತಿದ್ದರೆ ಗರ್ಭದ 11ನೇ ವಾರದ ಹೊತ್ತಿಗೆ ಮಾಸುಚೀಲದ ತುಣುಕಿನಿಂದ, ಅಥವಾ 15 ವಾರದ ನಂತರ ಗರ್ಭನೀರಿನಿಂದ ತಿಳಿಯಬಹುದು. ನೀವು ಅವರ ಒಡಹುಟ್ಟಿದವರು, ಆ ಒಂದು ಪ್ರತಿ ನಿಮ್ಮಲ್ಲೂ ಇರುವ ಸಾಧ್ಯತೆ ಎರಡರಲ್ಲಿ ಒಂದು. ನಿಮಗೂ ಮಕ್ಕಳಾಗುವ ಯೋಚನೆ ಇದ್ದರೆ ಮಗುವಿನ ಜೀನ್ ವರದಿ ಕೈಗೆ ಬಂದ ದಿನವೇ ಅದರ ಒಂದು ನಕಲನ್ನು ಇಟ್ಟುಕೊಳ್ಳಿ. ನಿಮ್ಮ ಪರೀಕ್ಷೆಯಲ್ಲಿ ಇಡೀ ಜೀನನ್ನು ಜಾಲಾಡಬೇಕಿಲ್ಲ, ನಿಮ್ಮ ತಂಗಿಯಿಂದ ಮಗುವಿಗೆ ಬಂದ ಆ ಒಂದೇ ದೋಷವನ್ನು ನೋಡಿದರೆ ಸಾಕು. ನಿಮ್ಮಲ್ಲಿ ಅದು ಕಂಡುಬಂದರೆ ಮಾತ್ರ ನಿಮ್ಮ ಸಂಗಾತಿಗೆ ಇಡೀ ಜೀನಿನ ಪರೀಕ್ಷೆ ಬೇಕಾಗುತ್ತದೆ.